ಬೈಬಲ್ ಅಧ್ಯಯನಕ್ಕೆ ಉಚಿತ ತಂತ್ರಾಂಶ ಸಾಕಾ, ದುಡ್ಡು ಕೊಟ್ಟೇ ತಗೋಬೇಕಾ?

ಪಿಂಪ್ರಿ ಓದುಗ

ಎಲ್ಲರಿಗೂ ಕ್ರಿಸ್ತನಲ್ಲಿ ವಂದನೆಗಳು. ನಾನು ಪುಣೆಯ ಪಿಂಪ್ರಿಯಲ್ಲಿದ್ದೇನೆ, ಮೂಲ ಬೀದರ್ ಕಡೆ. ಪ್ರತಿ ಬುಧವಾರ ಸಂಜೆ ನಮ್ಮ ಮನೆಯಲ್ಲಿ ಹತ್ತು ಹನ್ನೆರಡು ಜನ ಸೇರಿ ಕನ್ನಡ ಸತ್ಯವೇದ ಓದುತ್ತೇವೆ. ಇಷ್ಟು ವರ್ಷ ನಡೆಸುತ್ತಿದ್ದ ಹಿರಿಯರು ಊರಿಗೆ ವಾಪಸ್ ಹೋದರು. ಈಗ ಜವಾಬ್ದಾರಿ ನನ್ನ ಮೇಲಿದೆ. ನಾನು ದೇವಶಾಸ್ತ್ರ ಓದಿದವನಲ್ಲ. ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಚೆಕಿಂಗ್ ಕೆಲಸ ಮಾಡುತ್ತೇನೆ.

ಹೋದ ವಾರ ಯೋಹಾನ 21 ಓದಿದೆವು. ಊಟ ಆದ ಮೇಲೆ ಯೇಸು ಪೇತ್ರನನ್ನು ‘ನನ್ನನ್ನು ಪ್ರೀತಿಸುತ್ತೀಯಾ’ ಅಂತ ಮೂರು ಸಲ ಕೇಳುತ್ತಾನಲ್ಲ, ಆ ಭಾಗ. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು, ‘ಅಂಕಲ್, ಗ್ರೀಕಿನಲ್ಲಿ ಇಲ್ಲಿ ಪ್ರೀತಿಗೆ ಎರಡು ಬೇರೆ ಬೇರೆ ಪದ ಇವೆಯಂತೆ, ಹೌದಾ?’ ಅಂತ ಕೇಳಿದಳು. ನನಗೆ ಗೊತ್ತಿರಲಿಲ್ಲ. ಮುಂದಿನ ವಾರ ನೋಡಿಕೊಂಡು ಬಂದು ಹೇಳುತ್ತೇನೆ ಅಂದೆ. ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಮಕ್ಕಳು ಮನಸ್ಸಿಟ್ಟು ಕೇಳುವಾಗ ನಾವು ತಯಾರಾಗಿ ಕೂತಿರಬೇಕು, ಅಲ್ವಾ?

ಬೋನಸ್ ದುಡ್ಡಿನಲ್ಲಿ 15,000 ರೂಪಾಯಿ ತೆಗೆದಿಟ್ಟಿದ್ದೇನೆ. ಲಾಗೋಸ್ ಅನ್ನುವ ದುಡ್ಡಿನ ತಂತ್ರಾಂಶ ತಗೊಳ್ಳಿ ಅಂತ ಕೆಲವರು, ಎಲ್ಲ ಪುಕ್ಕಟೆ ಸಿಗುತ್ತೆ ಯಾಕೆ ದುಡ್ಡು ಹಾಕ್ತೀರಿ ಅಂತ ಕೆಲವರು. ನನ್ನ ಲ್ಯಾಪ್‌ಟಾಪ್ ಹಳೆಯದು, ವಿಂಡೋಸ್, 4 ಜಿಬಿ ರ‍್ಯಾಮ್. ಫೋನ್ ಆಂಡ್ರಾಯ್ಡ್. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಆದರೆ ನಿಧಾನ. ದಯವಿಟ್ಟು ದಾರಿ ತೋರಿಸಿ.

ಡೊಂಬಿವಲಿ ಫಾಸ್ಟ್

ಅಣ್ಣಾ, ಮೊದಲು ಫೋನಿನಿಂದ ಶುರು ಮಾಡಿ. ನಾನು ದಿನಾ ಡೊಂಬಿವಲಿಯಿಂದ ಮುಂಬೈನ ಸಿಎಸ್‌ಎಂಟಿ ಸ್ಟೇಷನ್‌ಗೆ ಹೋಗಿ ಬರುತ್ತೇನೆ. ನನ್ನ ಓದು ನಡೆಯುವುದೇ ಲೋಕಲ್ ಟ್ರೈನಿನಲ್ಲಿ. ಒಂದು ಕೈ ಮೇಲಿನ ಹಿಡಿಕೆಗೆ, ಒಂದು ಕೈಯಲ್ಲಿ ಫೋನ್.

ಯೂವರ್ಷನ್ ಬೈಬಲ್ ಆ್ಯಪ್ ನಿಮಗೂ ಗೊತ್ತಿರಬೇಕು. 2008ರಿಂದ ಇದೆ, ಪೂರ್ತಿ ಉಚಿತ. ಬೈಬಲ್ ಸೊಸೈಟಿಯ ಕನ್ನಡ ಸತ್ಯವೇದವೂ ಅದರಲ್ಲಿದೆ. ಓದುವುದಕ್ಕೆ, ಕೇಳುವುದಕ್ಕೆ ಬಹಳ ಒಳ್ಳೆಯದು. ಆದರೆ ಪದದ ಬೆನ್ನು ಹತ್ತಿ ಹೋಗುವುದಕ್ಕೆ ಅದು ಸಾಲದು.

ಅದಕ್ಕೆ ನಾನು ಬಳಸುವುದು ಆಂಡ್‌ಬೈಬಲ್. ಉಚಿತ, ಜಾಹೀರಾತು ಇಲ್ಲ, ಅದರ ಕೋಡ್ ಯಾರು ಬೇಕಾದರೂ ನೋಡಬಹುದು. ಕ್ರಾಸ್‌ವೈರ್ ಬೈಬಲ್ ಸೊಸೈಟಿಯ ಸ್ವೋರ್ಡ್ ಎಂಬ ಉಚಿತ ತಂತ್ರಾಂಶ ಯೋಜನೆಯ ಪುಸ್ತಕಗಳು ಇದರಲ್ಲಿ ಇಳಿಯುತ್ತವೆ. ಒಮ್ಮೆ ಮನೆಯ ವೈಫೈನಲ್ಲಿ ಇಳಿಸಿಕೊಂಡರೆ ಆಮೇಲೆ ನೆಟ್ ಬೇಡ. ಪರದೆಯನ್ನು ಎರಡು ಭಾಗ ಮಾಡಬಹುದು. ಮೇಲೆ ಕನ್ನಡ, ಕೆಳಗೆ ಸ್ಟ್ರಾಂಗ್ಸ್ ಸಂಖ್ಯೆ (ಮೂಲದ ಪ್ರತಿ ಗ್ರೀಕ್, ಹೀಬ್ರೂ ಪದಕ್ಕೆ ಕೊಟ್ಟ ಗುರುತು) ಇರುವ ಕಿಂಗ್ ಜೇಮ್ಸ್ ಇಂಗ್ಲಿಷ್ ಬೈಬಲ್. ಕನ್ನಡದಲ್ಲಿ ವಚನ ಸರಿಸಿದರೆ ಇಂಗ್ಲಿಷೂ ಜೊತೆಗೆ ಸರಿಯುತ್ತದೆ. ಸಂಖ್ಯೆ ಮುಟ್ಟಿದರೆ ಗ್ರೀಕ್ ಪದ, ಅದರ ಅರ್ಥ ತೆರೆಯುತ್ತದೆ.

ನಿಮ್ಮ ಹುಡುಗಿಯ ಪ್ರಶ್ನೆಗೆ ಇಷ್ಟು ಸಾಕು. 15,000 ರೂಪಾಯಿ ಸದ್ಯ ಹಾಗೇ ಇರಲಿ.

ಖಡಕಿ ಟೀಚರ್

ಸಹೋದರರೇ, ನಾನು ಉಚಿತದ್ದು, ದುಡ್ಡಿನದು ಎರಡನ್ನೂ ಬಳಸುತ್ತೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಯೋಹಾನ 21. ಹುಡುಗಿ ಹೇಳಿದ್ದು ನಿಜ. 15 ಮತ್ತು 16ನೇ ವಚನಗಳಲ್ಲಿ ಯೇಸು ಕೇಳುವಾಗ ಇರುವ ಕ್ರಿಯಾಪದ ಅಗಪಾವೋ, ಸ್ಟ್ರಾಂಗ್ಸ್‌ನಲ್ಲಿ ಜಿ25. ಪೇತ್ರ ಉತ್ತರ ಕೊಡುವುದು ಫಿಲೆಯೋ ಎಂಬ ಪದದಿಂದ, ಜಿ5368. 17ನೇ ವಚನದಲ್ಲಿ ಯೇಸುವೂ ಫಿಲೆಯೋ ಬಳಸುತ್ತಾನೆ. ಇದನ್ನು ಉಚಿತ ತಂತ್ರಾಂಶದಲ್ಲಿ ಎರಡು ನಿಮಿಷದಲ್ಲಿ ನೋಡಬಹುದು.

ಆದರೆ ಇಲ್ಲೇ ತುಂಬ ಜನ ಎಡವುತ್ತಾರೆ. ‘ಅಗಪಾವೋ ಅಂದರೆ ದೈವಿಕ ಪ್ರೀತಿ, ಫಿಲೆಯೋ ಅಂದರೆ ಬರೀ ಸ್ನೇಹ, ಪೇತ್ರ ಒಂದು ಮೆಟ್ಟಿಲು ಕೆಳಗೇ ಉಳಿದ’ ಅಂತ ಪ್ರಸಂಗ ಮಾಡಿಬಿಡುತ್ತಾರೆ. ನಾನೂ ಹಿಂದೆ ಸಂಡೇ ಸ್ಕೂಲಿನಲ್ಲಿ ಹಾಗೇ ಹೇಳಿಕೊಟ್ಟಿದ್ದೇನೆ. ಆಮೇಲೆ ಒಂದು ದಿನ ಆ ಎರಡು ಸಂಖ್ಯೆಗಳನ್ನು ಇಡೀ ಯೋಹಾನನ ಸುವಾರ್ತೆಯಲ್ಲಿ ಹುಡುಕಿದೆ. 3:35ರಲ್ಲಿ ತಂದೆ ಮಗನನ್ನು ಪ್ರೀತಿಸುತ್ತಾನೆ, ಅಲ್ಲಿ ಅಗಪಾವೋ. 5:20ರಲ್ಲಿ ಅದೇ ಮಾತು, ತಂದೆ ಮಗನನ್ನು ಪ್ರೀತಿಸುತ್ತಾನೆ, ಅಲ್ಲಿ ಫಿಲೆಯೋ! ತಂದೆಗೆ ಮಗನ ಮೇಲಿನ ಪ್ರೀತಿ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಅಂತ ಹೇಳಲಿಕ್ಕೆ ಆಗುತ್ತಾ? ಯೋಹಾನ 21ರಲ್ಲೇ ನೋಡಿ, ‘ಕುರಿಮರಿ’ಗೆ ಒಂದು ಪದ, ‘ಕುರಿ’ಗೆ ಇನ್ನೊಂದು, ‘ಮೇಯಿಸು’ ಒಂದು, ‘ಕಾಯು’ ಇನ್ನೊಂದು. ಮಾತಿನಲ್ಲಿ ಪದ ಬದಲಿಸುವುದು ಈ ಲೇಖಕನ ರೀತಿ. ಎರಡು ಪದಕ್ಕೆ ವ್ಯತ್ಯಾಸ ಇದೆ ಅನ್ನುವ ವಿದ್ವಾಂಸರೂ ಇದ್ದಾರೆ, ಇಲ್ಲ ಅನ್ನುವವರೂ ಇದ್ದಾರೆ. ಹುಡುಗಿಗೆ ಎರಡನ್ನೂ ಹೇಳಿ. 3:35, 5:20 ಅವಳ ಕೈಯಿಂದಲೇ ತೆರೆಸಿ.

ಇಷ್ಟೆಲ್ಲ ನನಗೆ ಸಿಕ್ಕಿದ್ದು ಒಂದು ರೂಪಾಯಿ ಖರ್ಚಿಲ್ಲದೆ. ಕೇಂಬ್ರಿಜ್‌ನ ಟಿಂಡೇಲ್ ಹೌಸ್‌ನವರು ಮಾಡಿದ ಸ್ಟೆಪ್ ಬೈಬಲ್‌ನಲ್ಲಿ. ಪದದ ಮೇಲೆ ಮೌಸ್ ಇಟ್ಟರೆ ಮೂಲ ಪದ ಬರುತ್ತದೆ. ಒತ್ತಿದರೆ ಆ ಪದ ಬೇರೆ ಎಲ್ಲೆಲ್ಲಿ ಇದೆ ಅಂತ ಪಟ್ಟಿ ಬರುತ್ತದೆ. ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡು ನೆಟ್ ಇಲ್ಲದೆಯೂ ಬಳಸಬಹುದು.

ಹಾಗಾದರೆ ನಾನು ದುಡ್ಡು ಕೊಟ್ಟಿದ್ದು ಯಾಕೆ? ಅದನ್ನು ಸಂಜೆ ಬರೆಯುತ್ತೇನೆ, ಪೇಪರ್ ತಿದ್ದುವುದಿದೆ.

ಮುಲುಂಡ್ ಯೂತ್

ಅಣ್ಣಾ, ನನ್ನ ಹತ್ತಿರ ಒಂದು ಪೆನ್‌ಡ್ರೈವ್ ಇದೆ. ದುಡ್ಡಿನ ವ್ಯಾಖ್ಯಾನಗಳೆಲ್ಲ ಅದರಲ್ಲಿವೆ, ಯಾರೋ ಲಾಕ್ ತೆಗೆದು ಕೊಟ್ಟಿದ್ದು. ಪುಣೆಗೆ ಬರುವವರ ಕೈಲಿ ಕಳಿಸಲಾ?

ಪಿಂಪ್ರಿ ಓದುಗ

ತಮ್ಮಾ, ನಿನ್ನ ಮನಸ್ಸು ಒಳ್ಳೆಯದು, ನನಗೆ ಸಹಾಯ ಆಗಲಿ ಅಂತ ಹೇಳುತ್ತಿದ್ದೀಯ. ಆದರೆ ಬೇಡ. ‘ಕದಿಯಬಾರದು’ ಅನ್ನುವ ಆಜ್ಞೆಯನ್ನು ಕದ್ದ ಪುಸ್ತಕದಿಂದ ವಿವರಿಸಲು ನನ್ನಿಂದ ಆಗುವುದಿಲ್ಲ. ಆ ವ್ಯಾಖ್ಯಾನ ಬರೆಯಲಿಕ್ಕೆ ಒಬ್ಬರು ಹತ್ತು ಹದಿನೈದು ವರ್ಷ ಕೂತಿರುತ್ತಾರೆ. ಉಚಿತವಾಗಿ ಕೊಟ್ಟವರ ಹತ್ತಿರ ಖುಷಿಯಿಂದ ತಗೋತೀನಿ. ಮಾರುವವರ ಹತ್ತಿರ ಕೊಂಡೇ ತಗೋತೀನಿ.

ಮುಲುಂಡ್ ಯೂತ್

ಸರಿ ಅಣ್ಣಾ. ನಾನು ಅಷ್ಟು ಯೋಚನೆ ಮಾಡಿರಲಿಲ್ಲ. ಅಳಿಸಿಬಿಡುತ್ತೇನೆ. ಆಂಡ್‌ಬೈಬಲ್ ಇಳಿಸಿಕೊಳ್ಳುತ್ತಿದ್ದೇನೆ ಈಗ.

ಸಯನ್ ಪ್ರೂಫ್ ರೀಡರ್

ನಾನು ಮುಂಬೈನ ಪ್ರೆಸ್‌ಗಳಲ್ಲಿ ಕನ್ನಡ ಕರಡು ತಿದ್ದುತ್ತಾ ಮೂವತ್ತು ವರ್ಷ ಕಳೆದವನು. ಎಲ್ಲರೂ ಗ್ರೀಕ್, ಹೀಬ್ರೂ ಅನ್ನುತ್ತಿದ್ದೀರಿ. ನಾನು ಕನ್ನಡದ ಬಗ್ಗೆ ಮಾತಾಡುತ್ತೇನೆ. ನಮ್ಮ ಸಭೆಯ ಜನ ಓದುವುದು ಕನ್ನಡದಲ್ಲಿ ತಾನೆ?

ಯಾವ ತಂತ್ರಾಂಶ ಆದರೂ ಸರಿ, ತಗೊಳ್ಳುವ ಮುಂಚೆ ಕನ್ನಡದಲ್ಲಿ ಒಂದು ಹುಡುಕಾಟ ಮಾಡಿ ನೋಡಿ. ‘ದೇವರು’ ಅಂತ ಹಾಕಿ. ‘ದೇವರಿಗೆ’, ‘ದೇವರನ್ನು’ ಇರುವ ವಚನಗಳು ಬರುವುದಿಲ್ಲ. ಯಾಕೆಂದರೆ ಯಂತ್ರ ಹುಡುಕುವುದು ಕೊನೆಯ ಉಕಾರವನ್ನೂ ಸೇರಿಸಿ. ನಮ್ಮ ಭಾಷೆಯಲ್ಲಿ ವಿಭಕ್ತಿ ಪದಕ್ಕೆ ಅಂಟಿಕೊಂಡು ಬರುತ್ತದೆ. ಇಂಗ್ಲಿಷಿಗೆ ಅಂತ ಮಾಡಿದ ಹುಡುಕಾಟಕ್ಕೆ ಅದು ಗೊತ್ತಾಗುವುದಿಲ್ಲ. ಉಪಾಯ ಏನಂದರೆ ಕೊನೆಯ ಕೊಂಬನ್ನು ಬಿಟ್ಟು ‘ದೇವರ’ ಅಂತ ಮಾತ್ರ ಹಾಕಿ, ಪದದ ಭಾಗವನ್ನೂ ಹುಡುಕು ಅನ್ನುವ ಆಯ್ಕೆ ಒತ್ತಬೇಕು. ಯೂನಿಕೋಡ್‌ನಲ್ಲಿ ಗುಣಿತದ ಚಿಹ್ನೆ ಬೇರೆ ಸಂಕೇತವಾದ್ದರಿಂದ ‘ದೇವರು’, ‘ದೇವರಿಗೆ’, ‘ದೇವರಲ್ಲಿ’ ಎಲ್ಲ ಒಟ್ಟಿಗೆ ಸಿಗುತ್ತವೆ.

ಆದರೆ ಎಲ್ಲ ಪದಕ್ಕೂ ಈ ಉಪಾಯ ನಡೆಯುವುದಿಲ್ಲ. ಒಳ್ಳೆಯ ಕುರುಬನ ವಿಷಯ ತಯಾರಿ ಮಾಡುವಾಗ ‘ಕುರಿ’ ಅಂತ ಹಾಕಿದೆ. ಬಂದ ವಚನಗಳ ರಾಶಿಯಲ್ಲಿ ಬಹುಪಾಲು ‘ಕುರಿತು’! ಮೋಶೆಯನ್ನು ಕುರಿತು, ಜನರನ್ನು ಕುರಿತು. ಕುರಿ ಎಲ್ಲೋ ಮಧ್ಯದಲ್ಲಿ ಕಳೆದುಹೋಗಿತ್ತು. ಪೂರ್ತಿ ಪದ ಮಾತ್ರ ಅಂತ ಆಯ್ಕೆ ಬದಲಿಸಿದರೆ ‘ಕುರಿಗಳು’ ಬರಲಿಲ್ಲ. ಕೊನೆಗೆ ‘ಕುರಿಗಳ’, ‘ಕುರಿಯ’, ‘ಕುರಿಮರಿ’ ಅಂತ ಮೂರು ಸಲ ಹುಡುಕಿ ಕಾಗದದ ಮೇಲೆ ಬರೆದುಕೊಂಡೆ. ಮಗ ತಗೊಂಡಿರುವ ದುಡ್ಡಿನ ತಂತ್ರಾಂಶದಲ್ಲೂ ಮಾಡಿ ನೋಡಿದೆ. ಅಲ್ಲೂ ಇದೇ ಕಥೆ. ಅಂದರೆ ಕನ್ನಡದ ಮಟ್ಟಿಗೆ ದುಡ್ಡು ಕೊಟ್ಟರೂ ನಮಗೆ ಜಾಸ್ತಿ ಏನೂ ಸಿಗಲಿಲ್ಲ. ಇದು ನನಗೆ ನೋವಿನ ವಿಷಯ. ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರು ಪೂರ್ತಿ ಕನ್ನಡ ಸತ್ಯವೇದ ತಂದು ಎರಡು ಶತಮಾನ ಆಗುತ್ತಾ ಬಂತು. ಕನ್ನಡ ಪದದ ಬೇರು ಗುರುತಿಸಿ ಹುಡುಕುವ ಸಾಧನ ನಮಗೆ ಬೇಕೇ ಬೇಕು.

ಇನ್ನೊಂದು. ಹಳೆಯ ನುಡಿ, ಬರಹ ಫಾಂಟಿನಲ್ಲಿ ಮಾಡಿದ ಪಿಡಿಎಫ್‌ನಿಂದ ವಚನ ನಕಲು ಮಾಡಿ ತಂತ್ರಾಂಶಕ್ಕೆ ಹಾಕಬೇಡಿ. ಅಕ್ಷರ ಎಲ್ಲ ಚೆಲ್ಲಾಪಿಲ್ಲಿ ಆಗುತ್ತದೆ. ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ.

ಡೊಂಬಿವಲಿ ಫಾಸ್ಟ್

ಹಿರಿಯರೇ, ಈ ‘ಕುರಿತು’ ವಿಷಯ ಇವತ್ತು ಟ್ರೈನಿನಲ್ಲಿ ಮಾಡಿ ನೋಡಿದೆ, ಹಾಗೇ ಆಯಿತು.

ಕನ್ನಡ ಪಠ್ಯದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಬೈಬಲ್ ಸೊಸೈಟಿಯ ಅನುವಾದಕ್ಕೆ ಹಕ್ಕುಸ್ವಾಮ್ಯ ಇದೆ, ಅನುಮತಿ ಇಲ್ಲದೆ ತಂತ್ರಾಂಶದವರು ಹಾಕುವ ಹಾಗಿಲ್ಲ. ಇಂಡಿಯನ್ ರಿವೈಸ್ಡ್ ವರ್ಷನ್ ಕನ್ನಡ ಹಾಗಲ್ಲ. ಅದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ. ಹೆಸರು ಹಾಕಿ, ಅದೇ ಷರತ್ತಿನಲ್ಲಿ ಯಾರು ಬೇಕಾದರೂ ಹಂಚಬಹುದು, ಅಚ್ಚು ಹಾಕಬಹುದು. ಅದಕ್ಕೇ ಉಚಿತ ತಂತ್ರಾಂಶಗಳಲ್ಲಿ ಅದು ಸುಲಭವಾಗಿ ಸಿಗುತ್ತದೆ. ನಿಮ್ಮ ಬುಧವಾರದ ಗುಂಪಿಗೆ ಹಾಳೆ ಪ್ರಿಂಟ್ ಹಾಕಿ ಕೊಡುವುದಿದ್ದರೆ ಅದನ್ನೇ ಬಳಸಿ, ಅಣ್ಣಾ.

ವಾಸ್ಕೊ ಉಪದೇಶಿ

ಗೋವಾದಿಂದ ನಮಸ್ಕಾರ. ನಾನು ಕಥೋಲಿಕ, ವಾಸ್ಕೊದಲ್ಲಿ ಕನ್ನಡ ಮಾತಾಡುವ ಕುಟುಂಬಗಳ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತೇನೆ. ಅಪ್ಪಂದಿರು ಬಂದರಿನಲ್ಲಿ, ಕಟ್ಟಡ ಕೆಲಸದಲ್ಲಿ. ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಕೊಂಕಣಿ, ಮನೆಯಲ್ಲಿ ಕನ್ನಡ.

ನಮ್ಮವರು ತಂತ್ರಾಂಶ ಆರಿಸುವಾಗ ಮೊದಲು ನೋಡಬೇಕಾದದ್ದು ಪುಸ್ತಕಗಳ ಸಂಖ್ಯೆ. ನಮ್ಮ ಬೈಬಲ್‌ನಲ್ಲಿ 73 ಗ್ರಂಥಗಳು. ಹೆಚ್ಚಿನ ಉಚಿತ ಕನ್ನಡ ಪಠ್ಯಗಳಲ್ಲಿ 66. ತೋಬಿತ, ಮಕ್ಕಬಿಯರ ಗ್ರಂಥ ಹುಡುಕಿದರೆ ಸಿಗುವುದಿಲ್ಲ. ತಂತ್ರಾಂಶ ಹಾಳಾಗಿದೆ ಅಂತ ಮಕ್ಕಳು ಅಂದುಕೊಳ್ಳುತ್ತಾರೆ.

ಇಂಗ್ಲಿಷ್‌ನಲ್ಲಿ ಡೂಯೆ ರೀಮ್ಸ್ ಎಂಬ ಹಳೆಯ ಕಥೋಲಿಕ ಅನುವಾದ ಸ್ವೋರ್ಡ್‌ನಲ್ಲಿ ಉಚಿತ. ಅದರಲ್ಲಿ ಒಂದು ಎಚ್ಚರಿಕೆ ಬೇಕು. ‘ಕರ್ತನು ನನ್ನ ಕುರುಬನು’ ಕೀರ್ತನೆ ತೆರೆಯಲು 23 ಒತ್ತಿದೆ, ‘ಭೂಮಿಯೂ ಅದರಲ್ಲಿರುವುದೆಲ್ಲವೂ’ ಕೀರ್ತನೆ ಬಂತು. ಡೂಯೆ ರೀಮ್ಸ್ ಅನುಸರಿಸುವ ವುಲ್ಗಾತ ಲ್ಯಾಟಿನ್ ಬೈಬಲ್‌ನ ಎಣಿಕೆಯಲ್ಲಿ ಕುರುಬನ ಕೀರ್ತನೆ 22. ಮಕ್ಕಳ ಎದುರು ಐದು ನಿಮಿಷ ತಡಕಾಡಿದೆ. ಈಗ ಎರಡು ಸಂಖ್ಯೆಯನ್ನೂ ಬರೆದೇ ಹೋಗುತ್ತೇನೆ.

ದುಡ್ಡಿನ ಕಡೆಗೆ ಬಂದರೆ, ಲಾಗೋಸ್ ಕಂಪನಿಯವರದ್ದೇ ವೆರ್ಬುಮ್ ಅಂತ ಕಥೋಲಿಕರಿಗಾಗಿ ಮಾಡಿದ್ದಿದೆ. ಧರ್ಮಸಭೆಯ ಪಿತೃಗಳ (ಆದಿ ಕಾಲದ ಕ್ರೈಸ್ತ ಗುರುಗಳ) ಬರಹ, ಸಭೆಯ ದಾಖಲೆ ಎಲ್ಲ ವಚನಕ್ಕೆ ಜೋಡಿಸಿ ಕೊಟ್ಟಿದ್ದಾರೆ. ನಮ್ಮ ಫಾದರ್ ಹತ್ತಿರ ಕೂತು ನೋಡಿದ್ದೇನೆ, ಚೆನ್ನಾಗಿದೆ. ಗುರುಗಳಿಗೆ ಅದು ಬೇಕು. ನನ್ನ ಮಕ್ಕಳಿಗೆ ಬೇಕಾದದ್ದು ಕನ್ನಡದಲ್ಲಿ ಸರಳ ವಿವರಣೆ. ಅದು ಅಲ್ಲೂ ಇಲ್ಲ.

ಕಲ್ಯಾಣ್ ಈಸ್ಟ್

ದುಡ್ಡು ಕೊಡುವವರು ಇದೊಂದು ಓದಿಕೊಳ್ಳಿ. ಹೋದ ವರ್ಷ ಒಂದು ಅಧ್ಯಯನ ಆ್ಯಪ್‌ನ ‘30 ದಿನ ಉಚಿತ’ ತಗೊಂಡೆ. ಕಾರ್ಡ್ ನಂಬರ್ ಕೇಳಿದರು, ಕೊಟ್ಟೆ. ಅಪ್ಪನಿಗೆ ಆಸ್ಪತ್ರೆ ಅಂತ ಊರಿಗೆ ಓಡಾಡುವುದರಲ್ಲಿ ಮರೆತುಹೋಯಿತು. ಮೂವತ್ತೊಂದನೇ ದಿನ ಇಡೀ ವರ್ಷದ ಹಣ ಡಾಲರ್‌ನಲ್ಲಿ ಕತ್ತರಿಸಿಕೊಂಡರು. ಮೇಲೆ ಬ್ಯಾಂಕಿನ ವಿದೇಶಿ ಶುಲ್ಕ. ಮೂರು ಮೇಲ್ ಹಾಕಿದೆ, ಪ್ರತಿ ಸಲ ಒಂದೇ ಸಿದ್ಧ ಉತ್ತರ. ಆ ತಿಂಗಳು ಮಗಳ ಟ್ಯೂಷನ್ ಫೀಸ್ ತಡವಾಯಿತು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಟ್ರಯಲ್ ತಗೊಂಡ ದಿನವೇ ರದ್ದು ಮಾಡುವ ಜಾಗ ಎಲ್ಲಿದೆ ಅಂತ ನೋಡಿಟ್ಟುಕೊಳ್ಳಿ. ಫೋನಿನಲ್ಲಿ ಅಲಾರಾಂ ಹಾಕಿ.

ಖಡಕಿ ಟೀಚರ್

ಪೇಪರ್ ಮುಗಿಯಿತು. ಕಲ್ಯಾಣ್ ಸಹೋದರರೇ, ನಿಮಗೆ ಆದದ್ದು ಓದಿ ಬೇಸರವಾಯಿತು. ಎಲ್ಲರೂ ಅವರ ಮಾತು ಗಮನದಲ್ಲಿಡಿ.

ಈಗ ದುಡ್ಡು ಕೊಟ್ಟರೆ ನಿಜವಾಗಿ ಸಿಗುವುದು ಏನು ಅಂತ ಹೇಳುತ್ತೇನೆ. ಹೊಸ ವಿದ್ವತ್ತು. ಉಚಿತ ತಂತ್ರಾಂಶಗಳಲ್ಲಿ ಇರುವ ವ್ಯಾಖ್ಯಾನಗಳು ಹೆಚ್ಚಾಗಿ ಹಕ್ಕುಸ್ವಾಮ್ಯ ಮುಗಿದ ಹಳೆಯವು. ವ್ಯಾಖ್ಯಾನಕಾರ ಮ್ಯಾಥ್ಯೂ ಹೆನ್ರಿ 1714ರಲ್ಲಿ ತೀರಿಕೊಂಡವರು. ಅಪೊಸ್ತಲರ ಕೃತ್ಯಗಳವರೆಗೆ ಬರೆದರು, ರೋಮಾಪುರದವರಿಗೆ ಪತ್ರದಿಂದ ಮುಂದಿನದ್ದನ್ನು ಬೇರೆ ಬೋಧಕರು ಮುಗಿಸಿದರು. ಸ್ಟ್ರಾಂಗ್ಸ್ ಪದಸೂಚಿ 1890ರದ್ದು. ಥೇಯರ್ ಗ್ರೀಕ್ ಪದಕೋಶ ಅದಕ್ಕಿಂತ ಹಿಂದಿನದು. ಐಗುಪ್ತದ ಮರಳಿನಲ್ಲಿ ಸಿಕ್ಕ ಪಪೈರಸ್ ಪತ್ರಗಳು, ಲೆಕ್ಕದ ಚೀಟಿಗಳು, ಅವುಗಳಿಂದ ಹೊಸ ಒಡಂಬಡಿಕೆಯ ಗ್ರೀಕ್ ಜನರ ದಿನಬಳಕೆಯ ಮಾತು ಅಂತ ಸ್ಪಷ್ಟವಾದದ್ದು ಥೇಯರ್ ಆದ ಮೇಲೆ.

ಒಂದು ಉದಾಹರಣೆ ಕೊಡುತ್ತೇನೆ. ಯೆಶಾಯ 53:11. ಮೃತ ಸಮುದ್ರದ ಬಳಿಯ ಕುಮ್ರಾನ್ ಗುಹೆಗಳ ಹಳೆಯ ಸುರುಳಿಗಳು ಬೆಳಕಿಗೆ ಬಂದದ್ದು 1947ರಲ್ಲಿ. ಅದರಲ್ಲಿ ಯೆಶಾಯನ ಇಡೀ ಗ್ರಂಥ ಇತ್ತು. ಅಲ್ಲಿ ಈ ವಚನದಲ್ಲಿ ‘ಬೆಳಕು’ ಎಂಬ ಪದ ಇದೆ. ಹಳೆಯ ಗ್ರೀಕ್ ಅನುವಾದದಲ್ಲೂ ಇದೆ. ನಾವು ಬಳಸುವ ಹೀಬ್ರೂ ಪಾಠದಲ್ಲಿ ಇಲ್ಲ. ಬಾಧೆಪಟ್ಟ ಸೇವಕ ಬೆಳಕನ್ನು ಕಾಣುವನು! ಗುಡ್ ಫ್ರೈಡೇ ಪ್ರಸಂಗ ತಯಾರು ಮಾಡುವವರಿಗೆ ಇದು ಎಷ್ಟು ದೊಡ್ಡದು ಯೋಚಿಸಿ. ಸುರುಳಿಯ ವಿಷಯ ಮ್ಯಾಥ್ಯೂ ಹೆನ್ರಿಗೆ ಗೊತ್ತಿರಲು ಸಾಧ್ಯವೇ ಇಲ್ಲ. ಇಂಥ ಕಡೆ ಹೊಸ ವ್ಯಾಖ್ಯಾನ ಬೇಕು, ಅದು ಹೆಚ್ಚಾಗಿ ದುಡ್ಡಿಗೆ ಸಿಗುತ್ತದೆ. ಎಲ್ಲವೂ ದುಡ್ಡಿಗೇ ಅಂತಲ್ಲ. ನೆಟ್ ಬೈಬಲ್ (ನ್ಯೂ ಇಂಗ್ಲಿಷ್ ಟ್ರಾನ್ಸ್‌ಲೇಷನ್) ಅಂತ ಇಂಗ್ಲಿಷ್ ಅನುವಾದ ಇದೆ, ಅರವತ್ತು ಸಾವಿರಕ್ಕೂ ಹೆಚ್ಚು ಅನುವಾದಕರ ಟಿಪ್ಪಣಿಗಳು, ಅದರ ತಾಣದಲ್ಲಿ ಉಚಿತವಾಗಿ ಓದಬಹುದು. ಮೊದಲು ಅಲ್ಲಿ ನೋಡಿ.

ಲಾಗೋಸ್ ಬಗ್ಗೆ. 1992ರಿಂದ ಇರುವ ಗಟ್ಟಿ ತಂತ್ರಾಂಶ, ನಾನು ಬಳಸುವುದೂ ಅದನ್ನೇ. 2024ರಿಂದ ಚಂದಾ ಪದ್ಧತಿಗೆ ಬಂದಿದ್ದಾರೆ. ಉಚಿತ ಆವೃತ್ತಿಯೂ ಇದೆ, ಪ್ರತಿ ತಿಂಗಳು ಒಂದು ಪುಸ್ತಕ ಉಚಿತ ಕೊಡುತ್ತಾರೆ. ಆದರೆ 4 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಅದು ಉಸಿರು ಕಟ್ಟುತ್ತದೆ. ಹಳೆಯ ವಿಂಡೋಸ್ ಯಂತ್ರಕ್ಕೆ ಈ-ಸ್ವೋರ್ಡ್ ಅಥವಾ ದಿವರ್ಡ್ ಹಗುರ. ಎರಡೂ ವಿಂಡೋಸ್‌ನಲ್ಲಿ ಉಚಿತ. ಈ-ಸ್ವೋರ್ಡ್ 2000ನೇ ಇಸವಿಯಿಂದ ಇದೆ. ಮ್ಯಾಕ್, ಐಫೋನ್‌ಗೆ ಮಾತ್ರ ದುಡ್ಡು.

ಇನ್ನೊಂದು ಮಾತು. ದುಡ್ಡಿನ ತಂತ್ರಾಂಶ ಶಾಶ್ವತ ಅಂದುಕೊಳ್ಳಬೇಡಿ. ಬೈಬಲ್‌ವರ್ಕ್ಸ್ ಮೂಲ ಭಾಷೆ ಓದುವವರ ಅಚ್ಚುಮೆಚ್ಚು, 2018ರಲ್ಲಿ ಕಂಪನಿ ಮುಚ್ಚಿತು. ನಿಮ್ಮ ಟಿಪ್ಪಣಿಗಳನ್ನು ಯಾವುದೇ ತಂತ್ರಾಂಶದ ಒಳಗೆ ಮಾತ್ರ ಇಡಬೇಡಿ. ನಾನು ಎಲ್ಲವನ್ನೂ ಒಂದು ನೋಟ್‌ಬುಕ್‌ನಲ್ಲೂ ಬರೆಯುತ್ತೇನೆ.

ನಮ್ಮ ಪುಣೆಯ ಹತ್ತಿರ ಕೇಡಗಾಂವ್ ಇದೆ. ಪಂಡಿತಾ ರಮಾಬಾಯಿ ಅಲ್ಲಿ ಕೂತು ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಮರಾಠಿಗೆ ತಂದರು. 1858ರಲ್ಲಿ ಹುಟ್ಟಿದ್ದು ನಮ್ಮ ಕರ್ನಾಟಕದಲ್ಲೇ. ವಿಧವೆಯರು, ಅನಾಥ ಹೆಣ್ಣುಮಕ್ಕಳು ಇದ್ದ ಆಶ್ರಮದಲ್ಲಿ ಅಷ್ಟು ಕೆಲಸದ ನಡುವೆ. ನನ್ನ ವಿದ್ಯಾರ್ಥಿನಿಯರಿಗೆ ಇದನ್ನು ಹೇಳುತ್ತಲೇ ಇರುತ್ತೇನೆ.

ಸಹೋದರರೇ, ಮೂರು ತಿಂಗಳು ಉಚಿತದಲ್ಲಿ ಕೆಲಸ ಮಾಡಿ. ಉತ್ತರ ಸಿಗದ ಪ್ರಶ್ನೆಗಳನ್ನು ಬರೆದಿಡಿ. ಆ ಪಟ್ಟಿಯೇ ನಿಮಗೆ ಯಾವ ಪುಸ್ತಕ ಕೊಳ್ಳಬೇಕು ಅಂತ ಹೇಳುತ್ತದೆ. ಪ್ಯಾಕೇಜ್ ಬೇಡ. ಒಂದು ಪುಸ್ತಕ.

ಪಿಂಪ್ರಿ ಓದುಗ

ಅಕ್ಕಾ, ಎಲ್ಲರಿಗೂ ತುಂಬ ಉಪಕಾರ. ನಿನ್ನೆ ಬುಧವಾರ ಆಯಿತು. ಹೇಗಾಯಿತು ಅಂತ ಹೇಳಲೇಬೇಕು.

ಲ್ಯಾಪ್‌ಟಾಪ್‌ಗೆ ದಿವರ್ಡ್ ಹಾಕಿಕೊಂಡೆ, ಫೋನಿಗೆ ಆಂಡ್‌ಬೈಬಲ್. ಹುಡುಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡು ಜಿ25, ಜಿ5368 ತೋರಿಸಿದೆ. ಅವಳ ಕಣ್ಣು ಅರಳಿತು. ‘ನೋಡಿ, ನಾನು ಹೇಳಿದ್ದು ಸರಿ’ ಅಂದಳು. ಆಮೇಲೆ 3:35 ಓದು ಅಂದೆ, 5:20 ಓದು ಅಂದೆ. ಎರಡೂ ಸಂಖ್ಯೆ ನೋಡಿ ಸುಮ್ಮನಾದಳು. ಸ್ವಲ್ಪ ಹೊತ್ತು ಬಿಟ್ಟು, ‘ಹಾಗಾದರೆ ಪೇತ್ರನಿಗೆ ದುಃಖ ಆದದ್ದು ಯಾಕೆ? ಪದ ಬದಲಾಯಿತು ಅಂತಲಾ, ಮೂರನೇ ಸಲ ಕೇಳಿದ ಅಂತಲಾ?’ ಅಂದಳು. ಮೂಲೆಯಲ್ಲಿ ಕೂತಿದ್ದ ಅವಳ ಅಜ್ಜಿ, ಓದಲು ಬರೆಯಲು ಬಾರದವರು, ‘ಮೂರು ಸಲ ಯೇಸುವನ್ನು ಅರಿಯೆ ಅಂದಿದ್ದನಲ್ಲ ಅವನು’ ಅಂದರು. ಯಾರೂ ಮಾತಾಡಲಿಲ್ಲ. ಅಲ್ಲಿಗೇ ಪ್ರಾರ್ಥನೆ ಮಾಡಿ ಮುಗಿಸಿದೆವು.

15,000ದಲ್ಲಿ ಸ್ವಲ್ಪ ತೆಗೆದು ಲ್ಯಾಪ್‌ಟಾಪ್‌ಗೆ ಇನ್ನೊಂದು 4 ಜಿಬಿ ರ‍್ಯಾಮ್ ಹಾಕಿಸುತ್ತಿದ್ದೇನೆ. ಉಳಿದದ್ದು ಹಾಗೇ ಇದೆ. ಪ್ರಶ್ನೆಗಳನ್ನು ಬರೆಯಲು ನೋಟ್‌ಬುಕ್ ತಂದಿದ್ದೇನೆ.

ಮೊದಲ ಪ್ರಶ್ನೆ ಆಗಲೇ ಬಂದಿದೆ. ಮುಂದಿನ ವಾರ ಕೀರ್ತನೆ 136. ‘ಕೃಪೆ’ 26 ವಚನಗಳಲ್ಲೂ ಬರುತ್ತದೆ. ಹೀಬ್ರೂವಿನಲ್ಲಿ ಅದು ಹೆಸೆದ್, ಎಚ್2617 ಅಂತ ಕಂಡುಕೊಂಡೆ. ಇಂಗ್ಲಿಷ್‌ನಲ್ಲಿ ಒಬ್ಬೊಬ್ಬರು ಒಂದೊಂದು ಪದ ಹಾಕಿದ್ದಾರೆ. ಸಯನ್ ಹಿರಿಯರೇ, ನಮ್ಮ ಕೃಪೆ, ದಯೆ, ಕರುಣೆ ಈ ಮೂರಕ್ಕೂ ಕನ್ನಡದಲ್ಲಿ ಏನು ವ್ಯತ್ಯಾಸ ಅಂತ ಸ್ವಲ್ಪ ಬಿಡಿಸಿ ಹೇಳುತ್ತೀರಾ?